ಬೆನ್ನು ತಂದ ಅತ್ತೆ

ದೇವಕಮ್ಮ ಯಾವತ್ತೂ ಹೊಸ ರವಿಕೆ ತೊಟ್ಟು ತೊಟ್ಟಿಲ ಮನೆಗೆ ಹೋದವಳಲ್ಲ. ಅಲ್ಲಿ ಬೀಳುವ ಗುದ್ದಿಗೆ ಹೊಲಿಗೆ ಬಿಟ್ಟುಕೊಳ್ಳುತ್ತದೆ ಅನ್ನುವುದು ಆಕೆಗೆ ಗೊತ್ತು. ಮಾಸಿದ ಹಸಿರು ಇಳಕಲ್ ಸೀರೆ, ಬೆನ್ನಿಗೆ ಎರಡು ಪದರ ಬಟ್ಟೆ ಕೊಟ್ಟು ತಾನೇ ಹೊಲಿದುಕೊಂಡ ರವಿಕೆ, ಒಂದು ಕೈಯಲ್ಲಿ ಗುಗ್ಗರಿ ಡಬ್ಬಿ, ಇನ್ನೊಂದು ಕೈಚೀಲದಲ್ಲಿ ಗುಂಡುಕಲ್ಲು. ಆ ಕಲ್ಲು ನಾವಿರುವ ಈ ಮಲಾಯ್ ದೇಶದ ಹೆಂಗಸರು ಮಸಾಲೆ ಅರೆಯುವಂಥದ್ದು, ಪೆಟಾಲಿಂಗ್ ಜಯಾದ ಹಳೆ ಸಂತೆಯಲ್ಲಿ ಕೊಂಡದ್ದು. ಕೂಸಿಗಿಂತ ಮೊದಲು ಅದಕ್ಕೆ ಕುಲಾವಿ ತೊಡಿಸಿ ತೊಟ್ಟಿಲಲ್ಲಿ ಮಲಗಿಸಿ ತೂಗಬೇಕು, ಅದರ ಹಾಗೆ ಕೂಸು ಗಟ್ಟಿಯಾಗಲಿ ಅಂತ. ಇಷ್ಟು ಹೊತ್ತುಕೊಂಡು ಆಕೆ ಮೆಟ್ಟಿಲಿಳಿದು ಬಂದಳೆಂದರೆ ನಾನು ನನ್ನ ಹಳೇ ಪ್ರೋಟಾನ್ ಕಾರಿನ ಬಾಗಿಲು ತೆಗೆದು ನಿಂತಿರಬೇಕು.

ಆಕೆಯ ಗದಗಿನ ಸೀಮೆಯಲ್ಲಿ ಕೂಸಿಗೆ ಹೆಸರಿಡುವ ಹಕ್ಕು ಸೋದರತ್ತೆಯದು. ಅಂದರೆ ಕೂಸಿನ ಅಪ್ಪನ ಅಕ್ಕನೋ ತಂಗಿಯೋ ತೊಟ್ಟಿಲಿಗೆ ಬಗ್ಗಿ, ಎಳೆಗಿವಿಯಲ್ಲಿ ‘ಕುರ್‍ರ್’ ಎಂದು ಹೆಸರು ಉಸುರಬೇಕು. ಅವಳು ಬಗ್ಗಿದ್ದೇ ತಡ, ನೆರೆದ ಹೆಂಗಸರು ಮಕ್ಕಳು ಮುಷ್ಟಿ ತುಂಬ ಗುಗ್ಗರಿ ಹಿಡಿದು ಬೆನ್ನಿಗೆ ದಬದಬ ಗುದ್ದಬೇಕು. ಕಡಲೆ ಕಾಳು ಸಿಡಿಯುತ್ತದೆ, ಅತ್ತೆ ಅಯ್ಯಯ್ಯೋ ಅನ್ನುತ್ತಾಳೆ, ಮನೆಯೆಲ್ಲ ಗೊಳ್ಳನೆ ನಗುತ್ತದೆ. ನಮ್ಮ ಮಂಡ್ಯದ ಕಡೆ ಈ ಗುದ್ದಾಟ ಇಲ್ಲ. ಮೊದಲ ಸಲ ನೋಡಿದಾಗ ನಾನು ಹೌಹಾರಿದ್ದೆ.

“ಯಾಕ್ ದೇವಕಮ್ಮ, ಹೆಸರಿಟ್ಟವಳಿಗೇ ಏಟಾ?” ಅಂತ ಕೇಳಿದ್ದೆ.

“ಮುಂದ ಕೂಸಿಗೆ ಬೀಳೋ ಗುದ್ದೆಲ್ಲಾ ಇವತ್ತ ಅತ್ತಿ ಬೆನ್ನಿಗೇ ಬಿದ್ದು ಮುಗೀಲಿ ಅಂತ ಬೋರಣ್ಣ,” ಅಂದಿದ್ದಳು. ಅವರ ಸೀಮೆಯವರೆಲ್ಲ ಹಾಗೆ ಹೇಳುತ್ತಾರೋ, ಇವಳೇ ಕಟ್ಟಿಕೊಂಡ ಅರ್ಥವೋ, ನನಗೆ ತಿಳಿಯದು. ಆಕೆ ಅದನ್ನು ಮನಸಾರೆ ನಂಬಿದ್ದಳು.

ಗಂಡ ಸದಾನಂದ ಇಲ್ಲಿನ ಕಾರ್ಖಾನೆಯಲ್ಲಿ ಯಂತ್ರ ರಿಪೇರಿಯವನು, ನನ್ನ ಜೋಡಿ ಪಾಳಿಯಲ್ಲಿ ದುಡಿದವನು. ಅವನು ತೀರಿಕೊಂಡ ಮೇಲೆ ಎಲ್ಲರೂ ಊರಿಗೆ ಹೋಗು ಅಂದರು. ಮಕ್ಕಳಿಲ್ಲ, ಮರಿಯಿಲ್ಲ, ಊರಲ್ಲಿ ಯಾರ ಬಾಗಿಲಿಗೆ ಹೋಗಲಿ ಅಂತ ಆಕೆ ಇಲ್ಲೇ ನಿಂತಳು. ಜೋಳದ ರೊಟ್ಟಿ ತಟ್ಟಿ, ಶೇಂಗಾ ಚಟ್ನಿಪುಡಿ ಕುಟ್ಟಿ, ಒಂಟಿ ಇರುವ ಕನ್ನಡದ ಹುಡುಗರಿಗೆ ಕಳಿಸಿ ಬದುಕು ಕಟ್ಟಿಕೊಂಡಳು. ಹಾಗೆ ರೊಟ್ಟಿ ತರಿಸಿಕೊಳ್ಳುತ್ತಿದ್ದ ಒಬ್ಬ ಸೈಬರ್‌ಜಯಾದ ಹುಡುಗನಿಗೆ ಮಗಳು ಹುಟ್ಟಿದಾಗ ಅವನ ಅಕ್ಕ ಬೆಳಗಾವಿಯಿಂದ ಬರಲಾಗಲಿಲ್ಲ. “ನಾ ಆಗ್ತೀನಿ ಬಿಡಪಾ ನಿನ್ನ ಅಕ್ಕ,” ಅಂದು ದೇವಕಮ್ಮ ಹೋಗಿ ಬೆನ್ನು ಕೊಟ್ಟು ಬಂದಳು. ಅಲ್ಲಿಂದ ಶುರುವಾಯಿತು. ಅಕ್ಕತಂಗಿಯರನ್ನು ಊರಲ್ಲಿ ಬಿಟ್ಟು ಬಂದ ಯಾವ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಕರೆ ಇವಳಿಗೇ. ಇವತ್ತು ಕನ್ನಡ ಸಂಘದ ಯಾವ ಹಬ್ಬಕ್ಕೆ ಹೋದರೂ ‘ಅತ್ತೇ’ ಅಂತ ನಾಕು ದಿಕ್ಕಿನಿಂದ ಮಕ್ಕಳು ಬಂದು ಸೀರೆಗೆ ಜೋತುಬೀಳುತ್ತವೆ. ಕನ್ನಡದಲ್ಲಿ ಆ ಮಕ್ಕಳಿಗೆ ನೆಟ್ಟಗೆ ಬರುವ ಮಾತು ಅದೊಂದೇ ಇದ್ದೀತು.

ಆಕೆಗೆ ಒಂದು ನೇಮವಿತ್ತು. ತೊಟ್ಟಿಲ ಹತ್ತಿರಕ್ಕೆ ಹೋದ ಮೇಲೆ ಹೆಸರಿಡದೆ ವಾಪಸು ಬರಬಾರದು. ಒಂದು ಸಲ ಬೀಗರು ಬೀಗರು ಜಗಳವಾಡಿ ತಟ್ಟೆ ಎಸೆದಾಡಿದರೂ, ಇವಳು ಮೂಲೆಯಲ್ಲಿ ಗುಗ್ಗರಿ ಡಬ್ಬಿ ಹಿಡಿದು ಕೂತು, ಅವರು ದಣಿದ ಮೇಲೆ ಹೆಸರಿಟ್ಟು ಬಂದಳು. ಅಷ್ಟು ಗಟ್ಟಿಗಿತ್ತಿ.

ಇಂಥವಳ ಮನೆಗೆ ಉಲ್ಲಾಸ್ ಬಂದ. ಮೈಸೂರಿನ ಹುಡುಗ. ವಾರವೆಲ್ಲ ಕಂಪ್ಯೂಟರ್ ಕೆಲಸ, ಶನಿವಾರ ಬಂತೆಂದರೆ ಕ್ಯಾಮೆರಾ ಹೆಗಲಿಗೆ. ಅವನ ಜೊತೆಗೆ ಕಥೆ ಬರೆಯುವ ಅಕ್ಷಯಾ ಅನ್ನುವ ಹೆಣ್ಣುಮಗಳು, ಅವಳ ಕಂಕುಳಲ್ಲಿ ಒಂದು ಗುಂಡುಗುಂಡನೆಯ ಕೂಸು. ರೊಟ್ಟಿ ತರಲು ಹೋಗಿದ್ದ ನಾನೂ ಅಲ್ಲೇ ಕೂತಿದ್ದೆ.

“ಆಂಟಿ, ನಾವೊಂದು ನಗೆ ಧಾರಾವಾಹಿ ಮಾಡ್ತಿದೀವಿ. ಬೆಂಗಳೂರಿನ ಒಂದು ಟೀವಿ ಚಾನೆಲ್ ತಗೊಂಡಿದೆ. ಹೆಸರು ‘ಹದಿಮೂರು ಎ’,” ಅಂದ ಉಲ್ಲಾಸ್.

ಇಲ್ಲಿನ ಎತ್ತರದ ಕಟ್ಟಡ ಹತ್ತಿದವರಿಗೆ ಆ ಹೆಸರು ಗೊತ್ತಿರುತ್ತದೆ. ಚೀನಿಯರಿಗೆ ನಾಲ್ಕು ಆಗಿಬಾರದ ಅಂಕೆ. ಅದಕ್ಕೇ ಲಿಫ್ಟಿನಲ್ಲಿ ಹದಿನಾಲ್ಕನೆಯ ಮಹಡಿಗೆ ಅದರ ಅಂಕೆ ಇರುವುದಿಲ್ಲ, ‘ಹದಿಮೂರು ಎ’ ಎಂಬ ಗುಂಡಿ ಇರುತ್ತದೆ. ಅಂಥ ಮಹಡಿಯ ಮೂರು ಮನೆಗಳ ಕಥೆ ಇವರದು. ಒಂದರಲ್ಲಿ ಹೆಂಡತಿ ಸತ್ತ ಮೇಲೂ ಹೆಣ್ಣು ಕೊಟ್ಟ ಅತ್ತೆಯನ್ನು ಬಿಡದೆ ಸಾಕುವ ಅಳಿಯ. ಇನ್ನೊಂದರಲ್ಲಿ ಅಣ್ಣನ ಮಕ್ಕಳನ್ನು ಬೆಳೆಸುವ, ಮದುವೆಯೇ ಆಗದ ತಮಿಳು ಮುದುಕ. ನಡುವಿನ ಮನೆಯಲ್ಲಿ ಇಬ್ಬರು ಅಮ್ಮಂದಿರು, ಒಂದು ಕೂಸು.

“ಇಬ್ಬರು ಅಮ್ಮ ಅಂದ್ರ? ಹೆತ್ತಾಕಿ ಒಬ್ಬಾಕಿ, ಸಾಕಿದಾಕಿ ಒಬ್ಬಾಕಿ, ಹಂಗೇನು?” ದೇವಕಮ್ಮ ರೊಟ್ಟಿ ಮಗುಚುತ್ತ ಕೇಳಿದಳು.

ಉಲ್ಲಾಸ್ ಕೆಮ್ಮಿದ. ಅಕ್ಷಯಾ ಕೆಮ್ಮಲಿಲ್ಲ. “ಇಲ್ಲ ಆಂಟಿ. ಗಂಡ ಹೆಂಡತಿ ಹ್ಯಾಗಿರ್ತಾರೋ ಹಾಗೇ ಇರೋ ಇಬ್ಬರು ಹೆಂಗಸರು. ಅವರ ಮಗು.”

ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ದೇವಕಮ್ಮ ಅದನ್ನು ಕಿತ್ತು ಪಕ್ಕಕ್ಕಿಟ್ಟು, ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡಳು. “ಮುಂದ ಹೇಳು,” ಅಂದಳು.

ಮುಂದೆ ಹೇಳಿದ್ದು ಇಷ್ಟು. ಕೂಸಿನ ತೊಟ್ಟಿಲ ದಿನ ಊರಿನಿಂದ ಸೋದರತ್ತೆ ಬರುತ್ತಾಳೆ. ಇಬ್ಬರು ಅಮ್ಮಂದಿರನ್ನು ನೋಡಿ ಧೊಪ್ಪನೆ ಮೂರ್ಛೆ ಹೋಗುತ್ತಾಳೆ. ಮುಖಕ್ಕೆ ನೀರು ಹೊಡೆದರೆ ಎದ್ದು ಕೂತು ಮತ್ತೆ ನೋಡಿ ಮತ್ತೆ ಬೀಳುತ್ತಾಳೆ. ಕೊನೆಗೆ ಬಾಯಿಗೆ ಬಂದದ್ದು ಬೈದು, ಬಾಗಿಲು ಬಡಿದು ಹೊರಟುಹೋಗುತ್ತಾಳೆ. ಅಮ್ಮಂದಿರು ತಾವೇ ಹೆಸರಿಟ್ಟುಕೊಳ್ಳುತ್ತಾರೆ.

ಎರಡನೆಯ ಸಲ ಬೀಳುವ ಜಾಗದಲ್ಲಿ ನನಗೆ ನಗು ತಡೆಯಲಾಗಲಿಲ್ಲ. ದೇವಕಮ್ಮನೂ ನಕ್ಕಳು. ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡು, “ನಾ ಒಲ್ಲೆ,” ಅಂದಳು.

“ಆಂಟಿ, ಇಬ್ಬರು ಹೆಂಗಸರ ವಿಷಯ ಅಂತ ಬೇಜಾರಾ?”

“ಅದಲ್ಲೋ ತಮ್ಮಾ. ಬೀಳಂದ್ರ ಬೀಳ್ತೀನಿ, ಏಳಂದ್ರ ಏಳ್ತೀನಿ. ಆದ್ರ ತೊಟ್ಟಿಲ ಮುಂದ ನಿಂತು ಹೆಸರಿಡದ ಬಾಗಿಲ ಬಡಕೊಂಡು ಹೋಗೋ ಅತ್ತಿ ನಾ ಆಗಂಗಿಲ್ಲ. ನಾಟಕದಾಗೂ ಆಗಂಗಿಲ್ಲ.”

“ನಡೆದಿದ್ದೇ ಬರೆದಿದೀನಿ ಆಂಟಿ,” ಅಂದಳು ಅಕ್ಷಯಾ. ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. “ಈ ಮಗೂನ ಹೆತ್ತೋಳು ನಾನು. ಇನ್ನೊಬ್ಬ ಅಮ್ಮ ವೇದಾ. ತೊಟ್ಟಿಲಿಗೆ ಅಂತ ವೇದಾನ ತಂಗೀನ ಕರೆದ್ವಿ, ಅವಳೇ ಅತ್ತೆ ಆಗಲಿ ಅಂತ. ಬಂದಳು. ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ಒಂದು ಸಲ ನೋಡಿ, ಚಪ್ಪಲೀನೂ ಬಿಡದೆ ಹೊರಟುಹೋದಳು. ಮೂರ್ಛೆ ಹೋಗಲಿಲ್ಲ. ಅದೊಂದು ನಗಿಸೋಕೆ ಸೇರಿಸಿದೀನಿ.”

ಅವಳ ಕಂಕುಳಿಂದ ಇಳಿದ ಕೂಸು ನೆಲದ ಮೇಲೆ ಅಂಬೆಗಾಲಿಕ್ಕಿ ಹೋಗಿ, ಮೂಲೆಯಲ್ಲಿದ್ದ ಗುಂಡುಕಲ್ಲಿನ ಚೀಲಕ್ಕೆ ಕೈ ಹಾಕಿತು.

“ಅಂದ್ರ ಈ ಕೂಸಿಗೆ ತೊಟ್ಟಿಲ ಆಗೇ ಇಲ್ಲ?” ದೇವಕಮ್ಮ ಕೇಳಿದಳು.

“ಇಲ್ಲ. ಮನೇಲಿ ಪುಟ್ಟಿ ಅಂತೀವಿ.”

ಕೂಸು ಹೇಗೆ ಬಂತು, ಎತ್ತಣಿಂದ ಬಂತು ಅಂತ ದೇವಕಮ್ಮ ಕೇಳಲಿಲ್ಲ. ನನಗೆ ಕೇಳಬೇಕೆನಿಸಿತ್ತು, ಅವಳ ಮುಖ ನೋಡಿ ಸುಮ್ಮನಾದೆ. ಆಕೆ ಒಲೆ ಆರಿಸಿ, ಕೈಯ ಹಿಟ್ಟು ಝಾಡಿಸಿ, ನೆಲದ ಮೇಲೆ ಕೂಸಿನೆದುರಿಗೆ ಕೂತಳು.

“ನೋಡವಾ ಅಕ್ಷಯಾ, ನಿನ್ನ ಕಥಿ ತಿದ್ದು. ಅತ್ತಿ ಬರ್ತಾಳ. ನೂರೆಂಟ ಪ್ರಶ್ನಿ ಕೇಳ್ತಾಳ, ತಲಿ ತಿಂತಾಳ, ಮನಿ ಮಂದಿಗೆಲ್ಲಾ ನಗಿ ಬರೂಹಂಗ ಬೈತಾಳ. ಆದ್ರ ಹೋಗೂದಿಲ್ಲ. ಹೆಸರಿಟ್ಟು, ಗುದ್ದಿಸಿಕೊಂಡು, ಊಟ ಮಾಡೇ ಹೋಗ್ತಾಳ. ಹಂಗಿದ್ರ ನಾ ಬರ್ತೀನಿ.”

“ಆದರೆ ಗಂಡಿನ ಅಕ್ಕ ತಾನೇ ಅತ್ತೆ? ಇಲ್ಲಿ ಗಂಡೇ ಇಲ್ವಲ್ಲ ಆಂಟಿ,” ಅಂದ ಉಲ್ಲಾಸ್.

“ಬ್ಯಾರೆ ಮನಿಗಳಾಗ ಕೂಸಿನ ಅಪ್ಪ ನನ್ನ ಬೆನ್ನಿಗೆ ಬಿದ್ದ ತಮ್ಮನೇನು? ಅವೆಲ್ಲಾ ನಡದದ್ದು ಹೆಂಗ, ಇದೂ ಹಂಗ. ಈ ಕೂಸಿಗೆ ಮುಂದ ಬೀಳೋ ಗುದ್ದು ಉಳಿದಾವಕ್ಕಿಂತ ಹೆಚ್ಚು. ಇದಕ್ಕ ಅತ್ತಿ ಬೇಕೇ ಬೇಕು.”

ಸುದ್ದಿ ಸಂಘದ ಅಧ್ಯಕ್ಷರಿಗೆ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಯಜ್ಞನಾರಾಯಣರು ಉಡುಪಿಯವರು, ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಕೆಟ್ಟ ಮನುಷ್ಯರಲ್ಲ. ನಮ್ಮ ಸದಾನಂದ ಆಸ್ಪತ್ರೆಯಲ್ಲಿದ್ದಾಗ ದಿನಾ ಬಂದು ವಿಚಾರಿಸಿ ಹೋದವರು ಅವರೊಬ್ಬರೇ. ಅವರ ಮಗ ಪ್ರಜ್ವಲನಿಗೆ ಗಂಡು ಮಗು ಹುಟ್ಟಿ, ಭಾನುವಾರ ತೊಟ್ಟಿಲು ಅಂತ ಗೊತ್ತಾಗಿತ್ತು. ಸೊಸೆ ದೀಕ್ಷಿತಾ ಹುಬ್ಬಳ್ಳಿಯವಳು. ತನ್ನ ತವರಿನ ಪದ್ಧತಿಯಲ್ಲೇ ಆಗಬೇಕು ಅಂತ ಪಟ್ಟು ಹಿಡಿದು, ದೇವಕಮ್ಮನನ್ನು ತಿಂಗಳ ಮೊದಲೇ ಕರೆದಿದ್ದಳು. ಆ ಕರೆಯಿಂದ ದೇವಕಮ್ಮ ಹಿಗ್ಗಿಹೋಗಿದ್ದಳು. ಅಧ್ಯಕ್ಷರ ಮನೆಯ ಕೂಸಿಗೂ ತಾನೇ ಅತ್ತೆ!

ಅಧ್ಯಕ್ಷರು ನಮ್ಮಿಬ್ಬರನ್ನೂ ಮಾಮಕ್ ಅಂಗಡಿಗೆ, ಅಂದರೆ ಇಲ್ಲಿನ ತಮಿಳು ಮುಸ್ಲಿಮರ ಚಹಾ ಹೋಟೆಲಿಗೆ, ಕರೆದರು. ತಾವೇ ಚಹಾ ಹೇಳಿ, ದೇವಕಮ್ಮನಿಗೆ ಪರೋಟದಂಥ ರೊಟಿ ಚನಾಯ್ ತರಿಸಿ, ಆಮೇಲೆ ಬಾಯಿ ಬಿಟ್ಟರು.

“ದೇವಕಿಯಮ್ಮ, ನೀವು ಆ ಸೀರಿಯಲ್ಲಿಗೆ ಹೋಗುವುದುಂಟಂತೆ?”

“ಹೌದ್ರಿ. ಶನಿವಾರ.”

“ಎಂತ ಅವಸ್ಥೆ ಮಾರಾಯ್ರೆ ಇದು! ಇದು ನಮ್ಮ ಊರಲ್ಲ, ಇಲ್ಲಿನ ಕಾಯ್ದೆ ಬೇರೆ, ಇಂಥದ್ದಕ್ಕೆ ಜೈಲುಂಟು. ನಾಳೆ ಯಾರಾದರೂ ಕೇಳಿದರೆ? ಸಂಘದಲ್ಲಿ ಇಷ್ಟು ಮಕ್ಕಳ ವೀಸಾ, ಕೆಲಸ, ಎಲ್ಲ ಉಂಟು. ಇಡೀ ಸಂಘದ ಅತ್ತೆ ನೀವು. ನೀವು ಹೋದರೆ ಸಂಘವೇ ಹೋದ ಹಾಗೆ.”

“ನಾಟಕರೀ ಅದು. ನಾಕು ಗೋಡಿ ನಡುವ ಆಗೂ ನಾಟಕ. ಇಲ್ಲಿನ ಟೀವ್ಯಾಗ ಬರಂಗೂ ಇಲ್ಲಂತ.”

“ನಾಟಕವಾ? ಆ ಹುಡುಗಿಯರು ಯಾರು ಅಂತ ನನಗೆ ಗೊತ್ತಿಲ್ವಾ?” ಅವರು ದನಿ ತಗ್ಗಿಸಿದರು. “ನಾನು ಅವರಿಗೆ ಕೆಟ್ಟದ್ದು ಬಯಸುವುದಿಲ್ಲ. ಅವರ ಮನೆಯೊಳಗೆ ಅವರಿರಲಿ. ಆದರೆ ಶನಿವಾರ ಅಲ್ಲಿ ಹೆಸರಿಟ್ಟು, ಭಾನುವಾರ ನನ್ನ ಮೊಮ್ಮಗನ ತೊಟ್ಟಿಲಿಗೆ ಬಂದರೆ ಬಂದ ಜನ ಎಂತ ಹೇಳಿಯಾರು? ನನ್ನ ಮನೆಗೊಂದೇ ಅಲ್ಲ, ಇನ್ನು ಮುಂದೆ ಯಾರ ಮನೆಗೂ ನಿಮ್ಮನ್ನು ಕರೆಯುವುದು ಕಷ್ಟ ಆದೀತು. ಎರಡರಲ್ಲಿ ಒಂದು ನೋಡಿಕೊಳ್ಳಿ.”

ದೇವಕಮ್ಮನ ಮುಖ ಸಣ್ಣಗಾಯಿತು. ಅದನ್ನು ನಾನು ಕಂಡೆ. ಈ ಭೂಮಿಯ ಮೇಲೆ ಆಕೆಯನ್ನು ಒಂದು ನಂಟಿನ ಹೆಸರು ಹಿಡಿದು ಕೂಗುವವರು ಈ ಮಕ್ಕಳೇ. ಆ ಕೂಗು ನಿಂತರೆ ಅವಳು ರೊಟ್ಟಿ ಮಾರುವ ಹೆಂಗಸು, ಅಷ್ಟೆ. ಆಕೆ ಚಹಾ ಕುಡಿದು ಮುಗಿಸಿದಳು. ಆಮೇಲೆ ಅಂಗಡಿಯ ಹುಡುಗನನ್ನು ಕರೆದು, ಮುಟ್ಟದ ರೊಟಿ ಚನಾಯ್ ತೋರಿಸಿ “ತಪಾವ್” ಅಂದಳು, ಕಟ್ಟಿಕೊಡು ಅಂತ. ಅವನು ಕಟ್ಟಿ ತಂದದ್ದನ್ನು ಸೆರಗಿನಡಿ ಹಿಡಿದು ಎದ್ದಳು.

“ಶನಿವಾರ ಒಂದು ಕೂಸು, ಐತವಾರ ಒಂದು ಕೂಸು. ನಾ ಎರಡಕ್ಕೂ ಬರ್ತೀನ್ರಿ ಸರ. ನಿಮ್ಮ ಮನಿ ಬಾಗಲ ತಗಿಯೂದು ಬಿಡೂದು ನಿಮಗ ಬಿಟ್ಟದ್ದು.”

ಕಾರಿನಲ್ಲಿ ನಾನು ಬುದ್ಧಿ ಹೇಳಲು ಹೋದೆ. “ದೇವಕಮ್ಮ, ಒಂದು ನಾಟಕಕ್ಕೋಸ್ಕರ ಇಷ್ಟು ವರ್ಷದ್ದು ಕಳಕೋಬ್ಯಾಡ.”

“ನಾಟಕ ಅಂತ ನೀನೂ ಅಂತೀ? ಕೂಸು ಖರೇದು ಬೋರಣ್ಣ. ಗಾಡಿ ನೋಡಿ ಹೊಡಿ.”

ಶನಿವಾರ ಪೆಟಾಲಿಂಗ್ ಜಯಾದ ಒಂದು ಫ್ಲಾಟಿನಲ್ಲಿ ಕಿಟಕಿಗೆಲ್ಲ ಕಪ್ಪು ಬಟ್ಟೆ ಕಟ್ಟಿ ದೀಪ ಹಚ್ಚಿದ್ದರು. ಇಬ್ಬರು ಅಮ್ಮಂದಿರ ಪಾತ್ರಕ್ಕೆ ಬೇರೆ ಯಾರೂ ಒಪ್ಪದೆ, ಅಕ್ಷಯಾ ವೇದಾ ತಾವೇ ಬಣ್ಣ ಹಚ್ಚಿಕೊಂಡಿದ್ದರು. ವೇದಾ ನಮ್ಮ ಕಡೆಯವಳೇ, ಮದ್ದೂರಿನವಳು. ಉದ್ದನೆ ಆಳು, ಕಡಿಮೆ ಮಾತು.

“ಭಯ ಆಗಲ್ವೇನವ್ವ?” ಅಂತ ಕೇಳಿದೆ.

“ಮನೇಲಿ ಇದ್ರೆ ಜನ ಕೇಳ್ತಾರೆ ಅಂಕಲ್. ಬಣ್ಣ ಹಚ್ಕೊಂಡು ನಿಂತ್ರೆ ನಾಟಕ ಅಂತಾರೆ. ಜೋರಾಗಿ ಒಟ್ಟಿಗೆ ನಗೋಕೆ ನಮಗೆ ಸಿಕ್ಕಿರೋ ಜಾಗ ಇದೊಂದೇ,” ಅಂದಳು.

ತೊಟ್ಟಿಲು ಇಲ್ಲಿನ ಮಲಾಯ್ ಮನೆಗಳದು. ಸೂರಿನಿಂದ ಸ್ಪ್ರಿಂಗ್ ಇಳಿಬಿಟ್ಟು, ಅದಕ್ಕೆ ಹೂವಿನ ಸರೋಂಗ್ ಲುಂಗಿಯ ಜೋಲಿ. ತೂಗಿದರೆ ಅತ್ತಿತ್ತ ಹೋಗುವುದಿಲ್ಲ, ಮೇಲೆ ಕೆಳಗೆ ಕುಣಿಯುತ್ತದೆ. ದೇವಕಮ್ಮ ಕುಲಾವಿ ತೊಡಿಸಿದ ಗುಂಡುಕಲ್ಲನ್ನು ಅದರಲ್ಲಿಟ್ಟದ್ದೇ ಸ್ಪ್ರಿಂಗು ನೆಲಮಟ್ಟ ಜಗ್ಗಿ, ಕಲ್ಲು ಕಪ್ಪೆಯ ಹಾಗೆ ಎಗರಿತು. “ಅಯ್ಯ ಇದರ! ನಿಮ್ಮ ಮನ್ಯಾಗ ತೊಟ್ಟಿಲಕ್ಕೂ ತಾಳ್ಮಿ ಇಲ್ಲಲ್ಲಬೇ!” ಅಂದಳು. ಅದು ಬರೆದ ಮಾತಲ್ಲ. ಕ್ಯಾಮೆರಾ ಹಿಡಿದವನು ನಕ್ಕು ಚಿತ್ರ ಅಲುಗಿ, ಇನ್ನೊಂದು ಸಲ ತೆಗೆಯಬೇಕಾಯಿತು.

ಆಮೇಲೆ ಅತ್ತೆಯ ಪ್ರಶ್ನೆಗಳು. ಅಕ್ಷಯಾ ಚೆನ್ನಾಗಿ ಬರೆದಿದ್ದಳು. ದೇವಕಮ್ಮ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: “ಕೂಸು ರಾತ್ರಿ ಅತ್ರ ಏಳಾಕಿ ಯಾರು?”

“ಅವಳು,” ಅಂತ ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದರು.

“ತೀರಿತು. ಇಲ್ಲೂ ಅದೇ ಹಣೇಬರ. ಅಡಗಿ ಮಾಡಾಕಿ?”

“ತಪಾವ್,” ಅಂದಳು ವೇದಾ.

“ಬೆಳಗಿನ ನಾಷ್ಟಾ?”

“ನಿನ್ನೆದ್ದೇ ತಪಾವ್.”

“ಎರಡೆರಡ ತಾಯಿ ಇದ್ದು ಕೂಸಿಗೆ ಒಂದ ರೊಟ್ಟಿ ಗತಿ ಇಲ್ಲ! ಸರೀರಿ ಅತ್ಲಾಗ!” ಎಂದು ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ನುಗ್ಗಿದಳು. ಮೂರ್ಛೆ ಬೀಳುವುದಕ್ಕಿಂತ ಇದೇ ಹೆಚ್ಚು ನಗು ತಂದಿತು ಅಂತ ಉಲ್ಲಾಸನೇ ಒಪ್ಪಿಕೊಂಡ.

ತಕರಾರು ಬಂದದ್ದು ಹೆಸರಿನ ಹೊತ್ತಿಗೆ. ಧಾರಾವಾಹಿಯ ಕೂಸಿಗೆ ‘ಮಿಂಚು’ ಅಂತ ಹೆಸರು. ಜೋಲಿಯಲ್ಲಿ ಮಲಗಿದ್ದದ್ದು ಇವರ ಪುಟ್ಟಿಯೇ. ದೇವಕಮ್ಮ ಬಗ್ಗಿದವಳು ಮತ್ತೆ ನೆಟ್ಟಗೆ ನಿಂತಳು.

“ಮಿಂಚು ಅಂತ ಈ ಕಿವ್ಯಾಗ ನಾ ಹೇಳಂಗಿಲ್ಲ. ಅತ್ತಿ ಕಿವ್ಯಾಗ ಹೇಳಿದ ಮ್ಯಾಲ ಅದೇ ಹೆಸರು. ಖರೇ ಹೆಸರೇನು?”

“ಆಂಟಿ, ಸೀನ್ ಅಷ್ಟೇ ಅಲ್ವಾ...” ಉಲ್ಲಾಸ್ ತಲೆ ಕೆರೆದುಕೊಂಡ.

“ಸೀನ್ ನಿಂದು. ಕಿವಿ ಕೂಸಿಂದು.”

ಅಕ್ಷಯಾ ವೇದಾಳ ಕಡೆ ನೋಡಿದಳು. ವೇದಾ ಹತ್ತಿರ ಬಂದು ದೇವಕಮ್ಮನಿಗೆ ಮೆಲ್ಲಗೆ ಹೇಳಿದಳು, “ಇಂಚರ.”

“ಚೊಲೋ ಐತಿ. ಈಗ ನೀ ಹೇಳು. ನಾ ನಿನಗೇನಾಗಬೇಕು?”

ವೇದಾ ಬಾಗಿಲ ಕಡೆ ನೋಡಿದಳು. ತಂಗಿ ಬಾಗಿಲಲ್ಲಿ ತಿರುಗಿ ಹೋದದ್ದು ಅವಳ ಕಣ್ಣ ಮುಂದೆ ಬಂದಿರಬೇಕು. ಕೊನೆಗೆ, “ಅಕ್ಕ,” ಅಂದಳು.

“ಹಾಂ. ಅಕ್ಕ. ಬಾ, ಗುಗ್ಗರಿ ಹಿಡಿ. ಬೋರಣ್ಣ, ಡಬ್ಬಿ ಕೊಡು. ಎಲ್ಲಾ ಬರ್ರಿ, ದೀಪ ಹಿಡಿದಾಕೀನೂ ಬಾ!”

ದೇವಕಮ್ಮ ಬಗ್ಗಿದಳು. ‘ಕುರ್‍ರ್’ ಅಂದದ್ದು ಕೇಳಿಸಿತು, ಹೆಸರು ಕ್ಯಾಮೆರಾದ ಮೈಕಿಗೆ ಕೇಳಿಸಲಿಲ್ಲ. “ಆಂಟಿ, ಸ್ವಲ್ಪ ಜೋರಾಗಿ,” ಅಂದ ಉಲ್ಲಾಸ್. “ಅದು ನಿನಗಲ್ಲ,” ಅಂತ ಬಗ್ಗಿದಲ್ಲಿಂದಲೇ ಉತ್ತರ ಬಂತು. ಹುಡುಗಿಯರು ಹೂವು ಮುಟ್ಟಿದ ಹಾಗೆ ಬೆನ್ನು ಮುಟ್ಟಿದರು. “ಗುದ್ದ್ರಿ! ಯಾರೂ ಊಟ ಮಾಡಿಲ್ಲೇನು?” ಅಂದಳು. ಆಗ ವೇದಾ ಹಲ್ಲು ಕಚ್ಚಿ ಗುದ್ದಿದಳು, ಇನ್ನೊಂದು ಗುದ್ದಿದಳು. ಕಡಲೆ ಕಾಳು ದೀಪಕ್ಕೆ ಸಿಡಿಯಿತು. ಕೂಸು ಮೊದಲು ಬೆಚ್ಚಿ, ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕಿತು. ‘ಕಟ್’ ಅನ್ನಬೇಕಾದ ಉಲ್ಲಾಸ್ ಅನ್ನದೆ ನಿಂತುಬಿಟ್ಟಿದ್ದ.

ನಾವು ಮನೆ ಸೇರುವಷ್ಟರಲ್ಲಿ ಅಧ್ಯಕ್ಷರ ಸಂದೇಶ ಬಂದಿತ್ತು, ಗಂಡಸಾದ ನನ್ನ ಫೋನಿಗೆ. ಯಾರೋ ಆ ಜೋಲಿಯ ಪಟ ಕಳಿಸಿದ್ದರಂತೆ. “ದೇವಕಿಯಮ್ಮನವರು ನಾಳೆ ಬರುವುದು ಬೇಡ. ಸ್ವಂತ ಸೋದರತ್ತೆ, ನನ್ನ ಮಗಳು ಸರೋಜಿನಿ, ಮಣಿಪಾಲದಿಂದ ಫೋನಿನಲ್ಲೇ ಹೆಸರು ಹೇಳುತ್ತಾಳೆ. ದಯವಿಟ್ಟು ತಪ್ಪು ತಿಳಿಯಬೇಡಿ.”

ಓದಿ ಹೇಳಿದೆ. ದೇವಕಮ್ಮ ಅಡುಗೆಮನೆಯಲ್ಲಿ ನಾಳೆಗೆಂದು ನೆನೆಹಾಕಿದ್ದ ಕಡಲೆಯ ಪಾತ್ರೆಯನ್ನೇ ನೋಡುತ್ತ ನಿಂತಿದ್ದಳು. ಕಾಳು ಉಬ್ಬಿ ನೀರಿನಿಂದ ಮೇಲೆ ಬಂದಿತ್ತು. ಅದರೊಳಗೆ ಕೈಯಾಡಿಸಿ, “ನೆನದಾವ. ಇನ್ನ ಬೇಯಿಸಲೇಬೇಕು,” ಅಂದಳು. “ಮುಂಜಾನೆ ಗಾಡಿ ತಾ.”

“ಕರೀದೆ ಹ್ಯಾಗೆ ಹೋಗ್ತೀಯ?”

“ತಿಂಗಳ ಹಿಂದ ಆ ಹುಡುಗಿ ಕರದಾಳ. ಇವತ್ತ ಬ್ಯಾಡ ಅಂದಾಂವ ಮಾವ. ಬಾಣಂತಿ ಬ್ಯಾಡ ಅಂದಿಲ್ಲ. ಆಕಿ ಬಾಯಿಂದ ಬ್ಯಾಡ ಅನ್ನೂತನಕ ನಾ ಆ ಕೂಸಿನ ಅತ್ತಿ.”

ಅಧ್ಯಕ್ಷರ ಮನೆ ಬಾಂಗ್ಸಾರಿನಲ್ಲಿ. ಗೇಟಿನಾಚೆಗೆ ಕಾರುಗಳ ಸಾಲು. ದೇವಕಮ್ಮ ಅದೇ ಹಸಿರು ಸೀರೆಯಲ್ಲಿ ದಡದಡ ನಡೆದಳು, ನಾನು ಡಬ್ಬಿ ಹಿಡಿದು ಹಿಂದೆ. ಬಾಗಿಲು ತೆರೆದೇ ಇತ್ತು. ಹೊಸಲಿನಾಚೆ ಚಪ್ಪಲಿ ರಾಶಿಯ ನಡುವೆ ಆಕೆ ನಿಂತಳು, ಒಳಗೆ ಕಾಲಿಡಲಿಲ್ಲ.

ಒಳಗೆ ಕಾರ್ಯ ನಡೆದಿತ್ತು. ಹೂವು ಸುತ್ತಿದ ಮರದ ತೊಟ್ಟಿಲು, ಸುತ್ತ ರೇಷ್ಮೆ ಸೀರೆಗಳು, ಮಂದಿಯ ನಡುವೆ ಫೋನ್ ಹಿಡಿದು ಯಜ್ಞನಾರಾಯಣರು. ಅದರಲ್ಲಿ ಅವರ ಮಗಳ ಮುಖ. ಫೋನನ್ನು ಕೂಸಿನ ಕಿವಿಗೆ ಹಿಡಿದರು.

“ಹೇಳು ಸರೋಜಿನಿ.”

“ಕುರ್‍ರ್... ಅಪ್ಪ, ಕೇಳ್ತಾ ಉಂಟಾ? ಅಭಿಷೇಕ, ಅಭಿಷೇಕ, ಅಭಿಷೇಕ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತಿತು. ಮಕ್ಕಳು ನಿಂತಲ್ಲೇ ನಿಂತಿದ್ದವು, ಮುಷ್ಟಿಯಲ್ಲಿ ಆ ಮನೆಯ ಗುಗ್ಗರಿ ಬಿಗಿಹಿಡಿದು. ಎಷ್ಟೋ ತೊಟ್ಟಿಲು ನೋಡಿದ ಮಕ್ಕಳವು. ಮುಂದಿನದು ಏನೆಂದು ಅವಕ್ಕೆ ಗೊತ್ತು.

“ಮಾವಾರ, ಈಗ ಗುದ್ದೂದು ಯಾರಿಗೆ?” ಕೇಳಿದವಳು ದೀಕ್ಷಿತಾ.

“ಎಂತ ಗುದ್ದುವುದು?” ಸೊಸೆ ಹಿಂದೆ ಹೇಳಿದ್ದು ಅವರ ತಲೆಯಲ್ಲಿ ನಿಂತಿರಲಿಲ್ಲ. ಅವರ ಉಡುಪಿಯ ಕಡೆ ಇದಿಲ್ಲ. ಹೆಸರು ಹೇಳುವುದಷ್ಟೇ ಅತ್ತೆಯ ಕೆಲಸ, ಅದಕ್ಕೆ ಫೋನ್ ಸಾಕು ಅಂದುಕೊಂಡಿದ್ದರು.

“ಅತ್ತಿ ಬೆನ್ನಿಗೆ ಗುದ್ದಬೇಕ್ರಿ. ಇಲ್ಲಂದ್ರ ತೊಟ್ಟಿಲ ಆದಂಗಲ್ಲ. ನಾ ಮೊದಲೇ ಹೇಳಿದ್ದೆ.”

“ಫೋನಿಗೆ ಗುದ್ದಲಿಕ್ಕಾಗ್ತದಾ?”

ಒಬ್ಬ ತುಂಟ ಹುಡುಗ ಅದಕ್ಕೂ ತಯಾರಾಗಿ ಕೈಯೆತ್ತಿದ್ದ. ಅವನ ಅಮ್ಮ ಕಿವಿ ಹಿಡಿದು ಎಳೆದಳು.

“ಹೆಸರ ಆಕಿ ಹೇಳ್ಯಾಳ, ಚೊಲೋ ಆತು,” ಬಾಗಿಲಿನಿಂದ ದೇವಕಮ್ಮನ ದನಿ ಬಂತು. “ಬೆನ್ನ ನಾ ತಂದೀನಿ.”

ಮನೆಯೆಲ್ಲ ತಿರುಗಿತು. “ಅತ್ತೇ!” ಅಂತ ಒಂದು ಮಗು ಕೂಗಿತು, ಅದರ ಹಿಂದೆ ಇನ್ನೊಂದು. ಯಜ್ಞನಾರಾಯಣರು ಬಾಗಿಲಿಗೆ ಬಂದು ಅಡ್ಡ ನಿಂತರು. ಮುಖ ಕೆಂಪಾಗಿತ್ತು.

“ದೇವಕಿಯಮ್ಮ, ಬೇಡ ಅಂತ ಹೇಳಿದ್ದೆನಲ್ಲ.”

“ಹೇಳೀರಿ. ನಿಮ್ಮ ಮಾತು ಮುರಿಯಾಕ ಬಂದಿಲ್ಲ. ಒಳಗೂ ಬಂದಿಲ್ಲ. ಕರದಾಕಿ ಆ ಹುಡುಗಿ. ಆಕಿ ಹೋಗು ಅಂದ್ರ ಈ ಗುಗ್ಗರಿ ಇಲ್ಲೇ ಇಟ್ಟು ಹೋಗ್ತೀನಿ. ನಿನ್ನೆ ಒಂದು ಕೂಸಿಗೆ ಹೆಸರಿಟ್ಟೀನಿ. ಮುಚ್ಚಿಡಾಕೂ ಬಂದಿಲ್ಲ, ಕ್ಷಮಾ ಕೇಳಾಕೂ ಬಂದಿಲ್ಲ. ಆ ಕೂಸಿನ ಗುದ್ದು ತಿಂದ ಬೆನ್ನೇ ಇದು. ಬೇಕಂದ್ರ ಐತಿ.”

ದೀಕ್ಷಿತಾ ಕೂತಲ್ಲಿಂದ ಎದ್ದಳು. ಬಾಣಂತಿ, ತಲೆಗೆ ಬಟ್ಟೆ ಕಟ್ಟಿದ್ದಳು. ಮಾವನ ಮುಖ ನೋಡಲಿಲ್ಲ, ಗಂಡನ ಮುಖವನ್ನೂ ನೋಡಲಿಲ್ಲ. “ನನ್ನ ಮಗಗ ನಾ ಕರದ ಅತ್ತಿ ಈಕಿ. ಒಳಗ ಬರ್ರಿ ಅತ್ತಿ,” ಅಂದಳು.

ಫೋನಿನೊಳಗಿನಿಂದ ಸರೋಜಿನಿಯ ದನಿ ಬಂತು: “ಅಪ್ಪ, ನನಗೆ ಬೀಳಬೇಕಾದ ಪೆಟ್ಟು ಅವರು ತಿಂತಾರಂತೆ. ಬಿಡಿ ಅಪ್ಪ, ನನಗೆ ಬೆನ್ನು ನೋವು ಬೇರೆ ಉಂಟು.”

ಯಾರೋ ಫಕ್ಕನೆ ನಕ್ಕರು. ಅಧ್ಯಕ್ಷರು ಪಕ್ಕಕ್ಕೆ ಸರಿದರೋ, ದೇವಕಮ್ಮನೇ ಅವರ ಪಕ್ಕದಲ್ಲಿ ಜಾಗ ಮಾಡಿಕೊಂಡಳೋ, ಚಪ್ಪಲಿ ಹೊರಗುಳಿಯಿತು, ಆಕೆ ಒಳಗಿದ್ದಳು. ತೊಟ್ಟಿಲಿಗೆ ಬಗ್ಗಿದಳು. ಹೆಂಗಸರಲ್ಲಿ ಇಬ್ಬರು ಮೂವರು ಹಿಂದೆ ಸರಿದು ಗೋಡೆಗಂಟಿದ್ದನ್ನೂ ನಾನು ಕಂಡೆ. ಆದರೆ ಮಕ್ಕಳನ್ನು ತಡೆಯುವವರಾರು? ದಬದಬ ಶುರುವಾಯಿತು.

“ಅಜ್ಜ, ಬೇಬಿಗೆ ಟೂ ಅತ್ತೆ ಆಹ್? ಕ್ಯಾನ್ ಆಹ್?” ಒಂದು ಹುಡುಗಿ ಅಧ್ಯಕ್ಷರ ಅಂಗಿ ಜಗ್ಗಿ ಕೇಳಿತು.

“ಕ್ಯಾನ್ ಲಾ!” ಎಂದು ಇನ್ನೊಂದು, ಆಗುತ್ತೆ ಅಂತ ಇಲ್ಲಿನ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟು, ಬೆನ್ನಿಗೆ ಗುದ್ದಲು ಓಡಿತು.

ದೇವಕಮ್ಮನಿಗೂ ಅದು ಕೇಳಿಸಿತ್ತು, ಬಗ್ಗಿದಲ್ಲೇ ಒಮ್ಮೆ ತಲೆಯೆತ್ತಿದವಳು ಮತ್ತೆ ತಗ್ಗಿಸಿದಳು. ಅಷ್ಟರಲ್ಲಿ ಮಕ್ಕಳ ಮುಷ್ಟಿ ಬರಿದಾಯಿತು. ಡಬ್ಬಿ ನನ್ನ ಕೈಯಲ್ಲಿ, ನಾನಿನ್ನೂ ಹೊಸಲಾಚೆ. ಯಜ್ಞನಾರಾಯಣರು ಬಂದು ನನ್ನ ಕೈಯಿಂದ ಡಬ್ಬಿ ಇಸಕೊಂಡರು. ನನ್ನ ಮುಖವನ್ನೂ ನೋಡದೆ ಒಳಗೆ ಹೋಗಿ, ಡಬ್ಬಿಯ ಮುಚ್ಚಳ ತೆಗೆದು ಮಕ್ಕಳ ಎದುರಿಗೆ ಹಿಡಿದು ನಿಂತರು. ಅವು ಕೈ ಹಾಕಿ ಹಾಕಿ ತೆಗೆದವು. ಅದು ಬರಿದಾಗುವ ತನಕ ಅವರು ಹಾಗೇ ನಿಂತಿದ್ದರು.

ಊಟವಾಯಿತು. ದೀಕ್ಷಿತಾ ಮಡಿಲಿಗೆ ರವಿಕೆ ಬಟ್ಟೆ, ತೆಂಗಿನಕಾಯಿ ಇಟ್ಟು ಕಾಲಿಗೆ ಬಿದ್ದಳು. ಹೊರಡುವಾಗ ಅಧ್ಯಕ್ಷರು ಗೇಟಿನ ತನಕ ಬಂದರು.

“ಆ ಸೀರಿಯಲ್ಲು ಇನ್ನೂ ಉಂಟಾ ನಿಮ್ಮದು?”

“ಐತ್ರಿ. ಮುಂದಿನ ಶನಿವಾರ. ಅತ್ತಿ ಊರಿಗೆ ಹೋಗದ ಅಲ್ಲೇ ಠಿಕಾಣಿ ಹೂಡ್ಯಾಳಂತ ಬರದಾರ.”

“ನೋಡಿ ದೇವಕಿಯಮ್ಮ, ನನ್ನ ಅಭಿಪ್ರಾಯ ಬದಲಾಗಲಿಲ್ಲ. ಇನ್ನು ಎಷ್ಟು ಮನೆಯವರು ನಿಮ್ಮನ್ನು ಕರೆಯುತ್ತಾರೋ ನನಗೆ ಗೊತ್ತಿಲ್ಲ.”

“ಬದಲಾಗಬ್ಯಾಡ್ರಿ ಸರ. ಡಬ್ಬಿ ಅಷ್ಟ ಕೊಡ್ರಿ, ನಂದು.”

ಅವರು ನೋಡಿಕೊಂಡರು. ಖಾಲಿ ಡಬ್ಬಿ ಇನ್ನೂ ಅವರ ಕಂಕುಳಲ್ಲೇ ಇತ್ತು.

ಆಮೇಲೆ ಕೆಲವು ಮನೆಯವರು ಕರೆಯುವುದನ್ನು ನಿಲ್ಲಿಸಿದ್ದು ನಿಜ. ಅವರ ಮಕ್ಕಳು ಹಬ್ಬದ ದಿನ ಕಂಡರೆ ಓಡಿ ಬರುತ್ತವೆ, ಹಿಂದಿನಿಂದ ಅಮ್ಮಂದಿರು ವಾಪಸು ಕರೆಯುತ್ತಾರೆ. ಅದು ದೇವಕಮ್ಮನಿಗೆ ಚುಚ್ಚದೆ ಇಲ್ಲ. ಕರೆಯುವ ಮನೆಗಳೂ ಇವೆ, ಹೊಸವೂ ಸೇರಿವೆ. ಬೆಂಗಳೂರಿನ ಟೀವಿಯಲ್ಲಿ ಆ ಕಂತು ಬಂದ ದಿನ, ಅದನ್ನು ಇಲ್ಲಿ ಹೇಗೋ ತರಿಸಿಕೊಂಡು ವೇದಾಳ ಮನೆಯಲ್ಲಿ ನೋಡಿದೆವು. ತೆರೆಯ ಮೇಲೆ ಗುದ್ದು ಬೀಳುವಾಗ ಇಂಚರ ಎದ್ದು ನಿಂತು, ಪಕ್ಕದಲ್ಲಿ ಕೂತಿದ್ದ ದೇವಕಮ್ಮನ ಬೆನ್ನಿಗೆ ತನ್ನ ಪುಟ್ಟ ಮುಷ್ಟಿಯಿಂದ ಒಂದು ಕೊಟ್ಟಿತು.

“ಸಾಲದು,” ಅಂದಳು ದೇವಕಮ್ಮ, ಇನ್ನಷ್ಟು ಬಗ್ಗಿ. “ಇನ್ನೊಂದು ಹಾಕು.”